ಚುಕ್ಕಿಗಳ ಬೆನ್ನು

ದಿನಕ್ಕ ಎಂಟು ಸಲ ಹೊತ್ತು ಮುಳುಗಿಸೋದು ನನ್ನ ಕೆಲಸ.
ಗಾಳಿ ತುಂಬಿದ ಬಟ್ಟೀ ಗುಮ್ಮಟ, ಒಂದು ಪಂಖಾ,
ಬೋಗುಣಿಯಷ್ಟು ಯಂತ್ರ, ವ್ಯಾನು ಹೊಡೆಯೋ ದಾದಾಪೀರ.
ಇವತ್ತು ವಿಜಯಪುರ, ಕ್ವಾಟಿ ಗ್ವಾಡಿ ಪಕ್ಕದ ಶಾಲಿ.
ಚಪ್ಪಲಿ ಹೊರಗ, ನೀರಿನ ಬಾಟಲಿ ಹೊರಗ,
ಮೊಣಕಾಲೂರಿ ಒಳಗ ಬರ್ರಿ,
ರಾತ್ರಿಗೆ ಬಾಗಿಲು ಸಣ್ಣದು.

ಮೊದಲನೇ ತಂಡ ಒಳಗ ಬಂದದ್ದೇ ತಡ
ಅಷ್ಟೂ ಹುಡುಗರು ತಲಿ ಎತ್ತಿ ಒಮ್ಮೆಲೇ ಕೂಗಿದರು: ಓ!
ಕೂಗಿ ಸುಮ್ಮನಾದರು. ಕಾದರು.
ಬ್ಯಾರೆ ಯಾವ ಊರಾಗೂ ಯಾರೂ ಹಿಂಗ ಕಾದಿಲ್ಲ.
ಗುಮ್ಮಟ ಅಂದರ ತಿರುಗಿ ಮಾತಾಡೂದು ಅಂತ
ತೊಟ್ಟಿಲದಾಗಿಂದ ಗೊತ್ತಿರೋ ಊರು ಇದು.
ನನ್ನ ಬಟ್ಟಿ ಕೂಗು ನುಂಗಿ ಸುಮ್ಮನಿತ್ತು.
"ಏಳು ಸಲ ಬಿಡ್ರಿ ಟೀಚರ್, ಒಂದು ಸಲಾನೂ ಇಲ್ಲ"
ಅಂದ ಮುಂದಿನ ಸಾಲಿನ ಲಾಲಸಾಬ,
ಸೋರೋ ಕೊಡ ಮಾರಿದವರನ್ನ ನೋಡಿದಂಗ ನನ್ನ ನೋಡಿ.

ಹೊತ್ತು ಮುಳುಗಿಸಿದೆ. ಚುಕ್ಕಿ ಬಂದವು.
ಯಾರೋ ಅವ್ವಾ ಅಂದರು,
ಯಾರದೋ ಕೈ ಇನ್ಯಾರದೋ ಅಂಗಿ ಹಿಡೀತು.
ಕಾಲುಚೀಲದ ವಾಸನಿ, ಹುರದ ಶೇಂಗಾ, ಕಾದ ರಬ್ಬರು.
ನನ್ನ ಆಕಾಶಕ್ಕ ಯಾವಾಗಲೂ ಇದ ಪರಿಮಳ.
ಶನಿ ತೋರಿಸಿದೆ. ಬಳಿ ತೊಟ್ಟಾನ ಅಂತ ನಕ್ಕರು.
"ನಮ್ಮ ಕಾಕಾಗ ಕಾಡೂದು ಇದ ಏನ್ರಿ?"
ಹೌದವ್ವ ಅಂತಾರ, ಅಂದೆ.
ಆ ಹುಡುಗಿ ಭಾಳ ಹೊತ್ತು ಸುಮ್ಮನಿದ್ದು ಕೇಳಿತು:
"ಅಷ್ಟು ದೂರದಿಂದ?"

ನಡುವ ಲಾಲಸಾಬ ಜಿಪ್ಪಿನ ಸಂದಿಯಾಗ ನುಸುಳಿ ಹೊರಬಿದ್ದ.
ಚುಕ್ಕಿಗಳ ಬೆನ್ನು ನೋಡಾಕ ಹೋಗಿದ್ದನಂತ.
ಒಂದು ಸುತ್ತು ಹಾಕಿ ತಿರುಗಿ ಬಂದು
ಕತ್ತಲಾಗ ಬೆವರುತ್ತ ಕುಂತ ಗೆಳೆಯರಿಗೆ ವರದಿ ಕೊಟ್ಟ:
"ಹೊರಗ ಬರೇ ಬಿಸಿಲೈತಿ.
ಎರಡು ತೇಪಿ ಅದಾವ. ಒಂದು ಆಡು ಮಲಗೈತಿ."
ಯಾರೂ ನಂಬಲಿಲ್ಲ.

ಊಟದ ಗಂಟಿ ಮುಗಿದ ಮ್ಯಾಲೆ ನೀಲಮ್ಮ ಹಡಪದ ಬಂದಳು,
ಅಡಗಿ ಕೋಣಿಯಾಕಿ, ಸೆರಗಿನ ತುಂಬ ಸಾರಿನ ಕಲಿ.
ಕಾಲು ಬಗ್ಗಂಗಿಲ್ಲ ಅಂತ ಕುಂತು,
ಹಿಂದ ಹಿಂದ ಜಾರಿಕೋತ ರಾತ್ರಿಯೊಳಗ ಬಂದಳು.
ಸಪ್ತರ್ಷಿ ಅಂದೆ. ಹೊರಸು ಅಂದಳು.
"ನಮ್ಮವ್ವ ಹೊರಸು ಅಂತಿದ್ದಳು. ನಾಕು ಕಾಲು.
ಈ ಮೂರು, ಬಿಚ್ಚಿ ಜೋತುಬಿದ್ದ ಹಗ್ಗ.
ಬಿಗಿಯೋವರು ಇಲ್ಲ ಅದಕ್ಕ."
ನನ್ನ ಕೆಂಪು ಬೆಳಕಿನ ಕಡ್ಡಿ
ಆ ಹಗ್ಗದ ಮ್ಯಾಲೆ ನಿಂತುಬಿಡ್ತು.

ಆವಾಗ ಕರೆಂಟು ಹೋತು. ಪಂಖಾ ನಿಂತಿತು.
ಯಂತ್ರಕ್ಕ ಬ್ಯಾಟರಿ ಐತಿ, ಗಾಳಿಗಿಲ್ಲ.
ಚುಕ್ಕಿ ಹತ್ತಿದ್ದು ಹತ್ತಿದಂಗ ಆಕಾಶ ಇಳಿಯಾಕ ಸುರು ಆತು,
ಮೆಲ್ಲಕ, ದಣಿದ ಎಮ್ಮಿ ಕುಂದರೋ ಹಂಗ.
ಹತ್ತಿರ ಬಂದಷ್ಟೂ ಚುಕ್ಕಿ ಸಣ್ಣಾಗತಾವ.
ಇದನ್ನ ನಾನು ಯಾವ ಆಟದಾಗೂ ಹೇಳೂದಿಲ್ಲ.
ಹುಡುಗರು ಚೀರಲಿಲ್ಲ. ಕೈ ಎತ್ತಿದರು.
ನೀಲಮ್ಮ ಎದ್ದು ನಿಂತಳು,
ಕೊಪ್ಪರಿಗಿ ಇಳಿಸೋ ಕೈ ಎರಡೂ ಮ್ಯಾಲಿಟ್ಟು, ನೆತ್ತಿ ಕೊಟ್ಟು:
"ಹೋಗ್ರಿ ಒಬ್ಬೊಬ್ಬರ. ನಾ ಹಿಡದೀನಿ."
ಆಕಿ ಗಲ್ಲದ ಮ್ಯಾಲೆ ಹೊರಸಿನ ಒಂದು ಕಾಲು.
ಸಾರಿನ ಕಲಿ ಮ್ಯಾಲೆ ಹೆಸರಿಲ್ಲದ್ದೊಂದು.
ಇಪ್ಪತ್ತೊಂಬತ್ತು ಎಣಿಸಿದೆ. ಆಮ್ಯಾಲೆ ಆಕಿ.
ಆಮ್ಯಾಲೆ ನಾನು.

ಸಂಜಿಗೆ ಮಡಚೋವಾಗ ಒಳಗ ಸಿಕ್ಕದ್ದು
ಹುಣಸಿ ಪಿಕ್ಕ, ಕಿವಿಯೋಲಿ ತಿರುಪು,
ಒಂದ ಒಂದು ಕಾಲುಚೀಲ.
ದಾದಾಪೀರ ಬಟ್ಟಿ ಮ್ಯಾಲೆ ಉಳ್ಳಾಡಿ ಗಾಳಿ ತೆಗೆದ.
ಕಡೇ ಉಸಿರು ಹೊರಬೀಳೋವಾಗ ಒಳಗಿಂದ
ಸಣ್ಣಗ, ಉದ್ದಕ, ಓ ಅಂತು.
ನಾನು ಹಗ್ಗ ಬಿಟ್ಟು ನಿಂತೆ.
"ಜಿಪ್ಪಿನ ಕಡೆ ತೂತಾಗೈತಿ ಮೇಡಂ" ಅಂದ ಅವ,
"ಇಂಡಿ ಮುಟ್ಟೂದ್ರಾಗ ತೇಪಿ ಹಚ್ಚಬೇಕು."
ಇರಬಹುದು.
ಆದರೂ ಎಣಿಸಿಕೊಂಡೆ. ಒಂದು.
ಲಾಲಸಾಬಗ ಇನ್ನೂ ಆರು ಬಾಕಿ.